ಕಿರುಬೆರಳ ಮೇಲೊಂದು ಹೆಬ್ಬೆರಳು: ಬೆಂಗಳೂರಿನಲ್ಲಿ ಸ್ಕೌಟ್ ಚಳವಳಿ ನಡೆದು ಬಂದ ದಾರಿ

ಫೆಬ್ರವರಿ 22 ನಮ್ಮ ಪೂಜಾ ಪಂಚಾಂಗದಲ್ಲಿ ಪ್ರೇಷಿತ ಸಂತ ಪೇತ್ರರ ಪೀಠದ ಹಬ್ಬ. ಲೋಕದ ಸ್ಕೌಟ್ಸ್ ಮತ್ತು ಗೈಡ್ಸ್ ಮಕ್ಕಳಿಗೆ ಅದೇ ದಿನ ಚಿಂತನಾ ದಿನ. ಸ್ಕೌಟ್ ಚಳವಳಿಯ ಸ್ಥಾಪಕ ರಾಬರ್ಟ್ ಬೇಡನ್ ಪೊವೆಲ್ ಹುಟ್ಟಿದ್ದು 1857ರ ಫೆಬ್ರವರಿ 22ರಂದು. ಅವರ ಪತ್ನಿ ಒಲೇವ್ ಹುಟ್ಟಿದ್ದು 1889ರ ಅದೇ ದಿನದಂದು. ಹಾಗಾಗಿ ಆ ದಿನ ಬೆಳಗಿನ ಬಲಿಪೂಜೆಗೆ ನಮ್ಮ ಧರ್ಮಕೇಂದ್ರದ ಕೆಲವು ಮಕ್ಕಳು ಸಮವಸ್ತ್ರ ತೊಟ್ಟು, ಕೊರಳಿಗೆ ಸ್ಕಾರ್ಫ್ ಕಟ್ಟಿಕೊಂಡು ಬರುವುದುಂಟು.

ಹಾಗೆ ಬಂದಿದ್ದ ಒಬ್ಬ ಹುಡುಗ ಪೂಜೆ ಮುಗಿದ ಮೇಲೆ ನನ್ನ ಬಳಿ ಬಂದು ಕೈ ಚಾಚಿದ. ಚಾಚಿದ್ದು ಎಡಗೈ. ಪಕ್ಕದಲ್ಲೇ ಇದ್ದ ಅವನ ಅಜ್ಜಿಗೆ ಸಿಟ್ಟು ಬಂತು. "ಏನೋ ಇದು, ಸ್ವಾಮಿಯೋರಿಗೆ ಎಡಗೈ ಕೊಡ್ತಾರೇನೋ?" ಎಂದು ಗದರಿದರು. ಹುಡುಗ ಕೈ ಹಿಂದೆ ತೆಗೆಯಲಿಲ್ಲ. "ಅಜ್ಜಿ, ಸ್ಕೌಟ್‌ನಲ್ಲಿ ಹೀಗೇ ಕೊಡೋದು" ಎಂದ. "ಯಾಕಪ್ಪಾ ಹಾಗೆ?" ಎಂದು ನಾನು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. "ಸರ್ ಹೇಳಿಕೊಟ್ಟಿದಾರೆ ಫಾದರ್" ಎಂದಷ್ಟೇ ಹೇಳಿ ನಾಚಿಕೊಂಡ.

ಆ ಹುಡುಗನಿಗೆ ಅಂದು ನಾನು ಪೂರ್ತಿ ಉತ್ತರ ಕೊಡಲಿಲ್ಲ. ಈ ಲೇಖನ ಅವನಿಗೂ ಅವನ ವಯಸ್ಸಿನ ಎಲ್ಲ ಮಕ್ಕಳಿಗೂ ಕೊಡಬೇಕಾಗಿದ್ದ ಉತ್ತರ. ಅವನು ತೊಟ್ಟಿದ್ದ ಸಮವಸ್ತ್ರ ಅವನಿಗೆ ಸುಮ್ಮನೆ ಸಿಕ್ಕಿದ್ದಲ್ಲ. ಒಂದು ಕಾಲದಲ್ಲಿ ಇದೇ ಬೆಂಗಳೂರಿನಲ್ಲಿ, ಅವನಂಥ ಹುಡುಗನಿಗೆ ಆ ಸಮವಸ್ತ್ರ ತೊಡಲು ಅವಕಾಶವೇ ಇರಲಿಲ್ಲ.

ದಂಡಿನಲ್ಲಿ ಹುಟ್ಟಿದ ದಳ

ಬೇಡನ್ ಪೊವೆಲ್ ಬ್ರಿಟಿಷ್ ಸೈನ್ಯದ ಅಧಿಕಾರಿ. 1876ರಲ್ಲಿ ಹತ್ತೊಂಬತ್ತು ವರ್ಷದ ತರುಣನಾಗಿ ಭಾರತಕ್ಕೆ ಬಂದು 13ನೇ ಹುಸಾರ್ಸ್ ಎಂಬ ಕುದುರೆ ದಳವನ್ನು ಸೇರಿದರು. ಹೆಜ್ಜೆ ಗುರುತು ನೋಡುವುದು, ಸದ್ದಿಲ್ಲದೆ ಸುಳಿದಾಡುವುದು, ನಕ್ಷತ್ರ ನೋಡಿ ದಾರಿ ಹಿಡಿಯುವುದು, ಇಂಥ ವಿದ್ಯೆಗಳನ್ನು ಸೈನಿಕರಿಗೆ ಕಲಿಸುತ್ತಾ ಹೆಸರಾದರು. ದಕ್ಷಿಣ ಆಫ್ರಿಕಾದ ಮಾಫೆಕಿಂಗ್ ಪಟ್ಟಣವನ್ನು ಶತ್ರುಗಳು 1899ರಿಂದ 1900ರವರೆಗೆ 217 ದಿನ ಮುತ್ತಿಗೆ ಹಾಕಿದಾಗ ಅಲ್ಲಿನ ಕಾವಲಿನ ಹೊಣೆ ಅವರದಾಗಿತ್ತು. ಊರಿನ ಹುಡುಗರು ಅಲ್ಲಿ ಸಂದೇಶ ಒಯ್ಯುವ ಕೆಲಸವನ್ನು ನಂಬಿಕೆಯಿಂದ ಮಾಡಿದ್ದನ್ನು ಅವರು ಮರೆಯಲಿಲ್ಲ.

1907ರ ಆಗಸ್ಟ್ 1ರಿಂದ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಅವರು ಸುಮಾರು ಇಪ್ಪತ್ತು ಹುಡುಗರ ಶಿಬಿರ ನಡೆಸಿದರು. ಸಿರಿವಂತರ ಶಾಲೆಗಳ ಮಕ್ಕಳೂ ದುಡಿಯುವ ಮನೆಗಳ ಮಕ್ಕಳೂ ಅಲ್ಲಿ ಒಂದೇ ಗುಡಾರದಲ್ಲಿ ಮಲಗಿದರು, ಒಂದೇ ಒಲೆಯಲ್ಲಿ ಬೇಯಿಸಿಕೊಂಡು ಉಂಡರು. 1908ರಲ್ಲಿ ಅವರ ಪುಸ್ತಕ ಹೊರಬಂತು. ಸ್ಕೌಟ್ ಎಲ್ಲರ ಸ್ನೇಹಿತ, ಪ್ರತಿಯೊಬ್ಬ ಸ್ಕೌಟಿನ ಸಹೋದರ, ಅಲ್ಲಿ ಮೇಲುಕೀಳಿಲ್ಲ ಎಂಬುದು ಅದರಲ್ಲಿದ್ದ ಸ್ಕೌಟ್ ನಿಯಮಗಳಲ್ಲೊಂದು.

ಮರುವರ್ಷವೇ, 1909ರಲ್ಲಿ, ಕ್ಯಾಪ್ಟನ್ ಟಿ. ಎಚ್. ಬೇಕರ್ ಬೆಂಗಳೂರಿನಲ್ಲಿ ಸ್ಕೌಟ್ ದಳ ಕಟ್ಟಿದರು. ಭಾರತದಲ್ಲೇ ಮೊದಲನೆಯದೆಂದು ಗುರುತಿಸುವ ದಳ ಅದು. ಬಿಷಪ್ ಕಾಟನ್ ಬಾಲಕರ ಶಾಲೆಯ ಹೆಸರು ಈ ಆರಂಭದ ಜೊತೆ ಸೇರಿಕೊಂಡಿದೆ. ನಮ್ಮ ಊರಿಗೆ ಇದು ಹೆಮ್ಮೆಯ ಮಾತು. ಆದರೆ ಹೆಮ್ಮೆಯ ಜೊತೆಗೆ ಒಂದು ಸತ್ಯವನ್ನೂ ಹೇಳಬೇಕು. ಆ ದಳ ಯೂರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಹುಡುಗರಿಗೆ ಮಾತ್ರ. ಮುಂದಿನ ಒಂದೆರಡು ವರ್ಷಗಳಲ್ಲಿ ಬೇರೆ ಊರುಗಳಲ್ಲಿ ಹುಟ್ಟಿದ ದಳಗಳ ಕತೆಯೂ ಇದೇ.

ಆಗ ಬೆಂಗಳೂರು ಒಂದೂರಲ್ಲ, ಎರಡೂರು. ಕಬ್ಬನ್ ಪಾರ್ಕಿನ ಆಚೆಗೆ ಬ್ರಿಟಿಷರ ಆಡಳಿತದ ದಂಡು. ಈಚೆಗೆ ಮೈಸೂರು ಸಂಸ್ಥಾನದ ಪೇಟೆ. ಪೇಟೆಯ ಇಕ್ಕಟ್ಟಿನಿಂದ ಹೊರಗೆ 1890ರ ದಶಕದಲ್ಲಿ ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಎದ್ದವು. 1898ರ ಪ್ಲೇಗಿನ ಹೊಡೆತಕ್ಕೆ ಪೇಟೆ ತತ್ತರಿಸಿದಾಗ ಜನ ಗಾಳಿ ಬೆಳಕಿನ ಈ ಅಗಲ ಬೀದಿಗಳ ಕಡೆಗೆ ಬಂದರು. ಈ ಬಡಾವಣೆಗಳ ಹುಡುಗನೊಬ್ಬ 1909ರಲ್ಲಿ ದಂಡಿನ ಕಡೆ ಹೋಗಿ, ಟೋಪಿ ತೊಟ್ಟು ಕೋಲು ಹಿಡಿದು ಸಾಗುವ ಸ್ಕೌಟ್‌ಗಳನ್ನು ಬೇಕಾದರೆ ನೋಡಬಹುದಿತ್ತು. ಆದರೆ ಅವರಲ್ಲೊಬ್ಬನಾಗುವಂತಿರಲಿಲ್ಲ. ನಿಯಮದಲ್ಲಿ ಸಹೋದರತ್ವದ ಮಾತು ಇತ್ತು. ಬಾಗಿಲು ಮಾತ್ರ ಮುಚ್ಚಿತ್ತು.

ಬಾಗಿಲು ತಟ್ಟಿದವರು

ಮುಚ್ಚಿದ ಬಾಗಿಲನ್ನು ಮೊದಲು ತಟ್ಟಿದವರಲ್ಲಿ ಹೆಣ್ಣುಮಕ್ಕಳೂ ಇದ್ದರು. ಅದೇ 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ಸ್ಕೌಟ್‌ಗಳ ದೊಡ್ಡ ಮೇಳ ನಡೆದಾಗ, ಯಾರೂ ಕರೆಯದಿದ್ದರೂ ಕೆಲವು ಹುಡುಗಿಯರು ತಾವೇ ಸಮವಸ್ತ್ರ ಹೊಂದಿಸಿಕೊಂಡು ಬಂದು ನಿಂತರು. 1910ರಲ್ಲಿ ಬೇಡನ್ ಪೊವೆಲ್ ಅವರ ಸೋದರಿ ಆಗ್ನೆಸ್ ನೇತೃತ್ವದಲ್ಲಿ ಗೈಡ್ಸ್ ಸಂಘಟನೆ ಆರಂಭವಾಯಿತು. 1911ರಲ್ಲಿ ಅದು ಜಬಲ್ಪುರದ ಮೂಲಕ ಭಾರತಕ್ಕೂ ಬಂತು.

ಭಾರತೀಯ ಹುಡುಗರ ಪರವಾಗಿ ಬಾಗಿಲು ತಟ್ಟಿದವರು ಹಲವರು. ಉತ್ತರದಲ್ಲಿ ಪಂಡಿತ ಮದನ ಮೋಹನ ಮಾಳವೀಯ, ಹೃದಯನಾಥ ಕುಂಜ್ರು, ಶ್ರೀರಾಮ ಬಾಜಪೇಯಿ. ಮಧ್ಯ ಪ್ರಾಂತದಲ್ಲಿ ಮುಂದೆ ಸುಪ್ರೀಂ ಕೋರ್ಟಿನ ನ್ಯಾಯಾಧೀಶರಾದ ವಿವಿಯನ್ ಬೋಸ್. ದಕ್ಷಿಣದಲ್ಲಿ ಆನಿ ಬೆಸೆಂಟ್ ಮತ್ತು ಜಾರ್ಜ್ ಅರುಂಡೇಲ್. ನಿಮ್ಮ ಸಂಘದಲ್ಲಿ ನಮ್ಮ ಮಕ್ಕಳಿಗೆ ಜಾಗವಿಲ್ಲವಾದರೆ ನಾವೇ ಕಟ್ಟಿಕೊಳ್ಳುತ್ತೇವೆ ಎಂದು ಅವರು ಹೊರಟರು. ಬೆಸೆಂಟ್ ಅವರು ಮದ್ರಾಸನ್ನು ಕೇಂದ್ರವಾಗಿಟ್ಟುಕೊಂಡು ಕಟ್ಟಿದ ಸಂಘದ ಹುಡುಗರು ವಿಲಾಯಿತಿ ಟೋಪಿಯ ಬದಲು ರುಮಾಲು ಸುತ್ತಿಕೊಂಡರು, ತಮ್ಮ ನಾಡಿನ ಹಾಡುಗಳನ್ನೇ ಹಾಡಿದರು.

ಬಸವನಗುಡಿಯ ನ್ಯಾಷನಲ್ ಹೈಸ್ಕೂಲು 1917ರಲ್ಲಿ ಹುಟ್ಟಿದ್ದು ಇದೇ ಬೆಸೆಂಟ್ ಅವರ ರಾಷ್ಟ್ರೀಯ ಶಿಕ್ಷಣದ ಪ್ರಯತ್ನದಿಂದ. ಅದೇ ವರ್ಷ ಬ್ರಿಟಿಷ್ ಸರ್ಕಾರ ಅವರನ್ನು ಬಂಧನದಲ್ಲಿಟ್ಟಿತ್ತು, ಅದೇ ವರ್ಷದ ಕೊನೆಗೆ ಅವರು ಕಾಂಗ್ರೆಸ್ಸಿನ ಅಧ್ಯಕ್ಷರೂ ಆದರು. ಮೈಸೂರು ಸಂಸ್ಥಾನದಲ್ಲೂ ಸ್ಕೌಟ್ ಚಳವಳಿ ಬೇರುಬಿಟ್ಟದ್ದು ಹೆಚ್ಚುಕಡಿಮೆ ಆ ಹೊತ್ತಿನಲ್ಲೇ. ಹೀಗೆ ದಂಡಿನ ಆಚೆ ಇದ್ದ ಸ್ಕಾರ್ಫ್ ಕಬ್ಬನ್ ಪಾರ್ಕ್ ದಾಟಿ ಈಚೆ ಬಂತು.

1921ರಲ್ಲಿ ಬೇಡನ್ ಪೊವೆಲ್ ಭಾರತಕ್ಕೆ ಬಂದಾಗ ಬೆಸೆಂಟ್ ಅವರ ಸಂಘ ಮೂಲ ಸಂಘದೊಡನೆ ಸೇರಿತು. ಎಲ್ಲರೂ ಸೇರಲಿಲ್ಲ. ಅಂದಿನ ಪ್ರತಿಜ್ಞೆಯಲ್ಲಿ ದೇವರ ಜೊತೆಗೆ ಬ್ರಿಟಿಷ್ ದೊರೆಯ ಹೆಸರೂ ಇತ್ತು. ಸ್ವಾತಂತ್ರ್ಯ ಬಯಸುವ ನಾಡಿನ ಮಗು ಆ ಮಾತನ್ನು ಮನಸಾರೆ ಹೇಗೆ ಹೇಳೀತು? ಮಾಳವೀಯ ಮತ್ತು ಕುಂಜ್ರು ಅವರ ಸೇವಾ ಸಮಿತಿ ಸ್ಕೌಟ್ ಸಂಘ ಬೇರೆಯಾಗಿಯೇ ಉಳಿಯಿತು. 1937ರಲ್ಲಿ ದೆಹಲಿಯ ಜಾಂಬೂರಿಗೆ ಬಂದು ಹೋದ ಮೇಲೆ ಭಾರತೀಯರ ಗುಣದ ಬಗ್ಗೆ ಬೇಡನ್ ಪೊವೆಲ್ ಆಡಿದ್ದ ಮಾತು ಇಲ್ಲಿ ಬಹಳ ನೋವುಂಟುಮಾಡಿತು. ಅನೇಕರು ಅವರ ಸಂಘವನ್ನು ಬಿಟ್ಟು ಬಂದರು. 1938ರಲ್ಲಿ ಹಿಂದೂಸ್ತಾನ್ ಸ್ಕೌಟ್ ಸಂಘ ಹುಟ್ಟಿತು.

ಇದನ್ನು ಮಕ್ಕಳಿಂದ ಮುಚ್ಚಿಡಬೇಕಾಗಿಲ್ಲ. ಒಳ್ಳೆಯ ವಿದ್ಯೆಯನ್ನು ಕೊಟ್ಟವರೂ ತಪ್ಪು ಮಾಡುತ್ತಾರೆ. ಕಲ್ಪನೆ ಅವರದಾಗಿರಬಹುದು, ಅದನ್ನು ಎಲ್ಲರದನ್ನಾಗಿ ಮಾಡಿದ್ದು ಹೊರಗೆ ನಿಂತಿದ್ದವರು.

ಎರಡೂರು ಒಂದಾಯಿತು, ಎರಡು ಸಂಘ ಒಂದಾಯಿತು

1947ರಲ್ಲಿ ದಂಡು ಮೈಸೂರು ಸಂಸ್ಥಾನಕ್ಕೆ ಮರಳಿತು. 1949ರಲ್ಲಿ ದಂಡು ಮತ್ತು ಪೇಟೆಗಳ ಪುರಸಭೆಗಳು ಸೇರಿ ಬೆಂಗಳೂರು ಒಂದೇ ನಗರಪಾಲಿಕೆಯಾಯಿತು. ಮರುವರ್ಷ, 1950ರ ನವೆಂಬರ್ 7ರಂದು, ದೇಶದ ಎರಡು ಪ್ರಮುಖ ಸ್ಕೌಟ್ ಸಂಘಗಳು ಒಂದಾಗಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಹುಟ್ಟಿತು. ಅಂದಿನ ಶಿಕ್ಷಣ ಸಚಿವ ಮೌಲಾನಾ ಅಬುಲ್ ಕಲಾಂ ಆಜಾದ್, ಹೃದಯನಾಥ ಕುಂಜ್ರು ಮುಂತಾದವರ ಶ್ರಮ ಅದರ ಹಿಂದಿತ್ತು. 1951ರ ಆಗಸ್ಟ್ 15ರಂದು ಗೈಡ್ಸ್ ಕೂಡ ಸೇರಿದರು.

ಪ್ರತಿಜ್ಞೆಯಲ್ಲಿ ದೊರೆಯ ಜಾಗಕ್ಕೆ ದೇಶ ಬಂತು. ದೇವರು ಎಂಬ ಪದದ ಬದಲು ಧರ್ಮ ಎಂದು ಹೇಳಲು ಬಯಸುವವರಿಗೆ ಆ ಅವಕಾಶವೂ ಇದೆ. ಲಾಂಛನದ ಮೂರೆಸಳಿನ ಹೂವಿನ ನಡುವೆ ಇಪ್ಪತ್ತನಾಲ್ಕು ಅರಗಳ ಅಶೋಕ ಚಕ್ರ ಕೂತಿತು. ಶಿಬಿರಗಳಲ್ಲಿ ಸರ್ವಧರ್ಮ ಪ್ರಾರ್ಥನೆ ವಾಡಿಕೆಯಾಯಿತು. ಬೆಂಗಳೂರಿನ ಸ್ಕೌಟ್‌ಗಳು ಶಿಬಿರಕ್ಕೆ ಹೋಗುವ ದೊಡ್ಡಬಳ್ಳಾಪುರದ ತರಬೇತಿ ಕೇಂದ್ರದ ಹೆಸರು ಡಾ. ಆನಿ ಬೆಸೆಂಟ್ ಪಾರ್ಕ್. ದಾವಣಗೆರೆ ಬಳಿಯ ಶಿಬಿರ ತಾಣಕ್ಕೆ ಈ ಚಳವಳಿಗಾಗಿ ದುಡಿದ ಕೊಂಡಜ್ಜಿ ಬಸಪ್ಪನವರ ಹೆಸರಿದೆ. 2022ರ ಡಿಸೆಂಬರ್ ಕೊನೆಯಲ್ಲಿ ಮೂಡುಬಿದಿರೆಯಲ್ಲಿ ಅಂತರರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ ನಡೆದಾಗ ಸಾವಿರಾರು ಮಕ್ಕಳು ಸೇರಿದರು. ನೀನು ಯಾರ ಮಗ, ಯಾವ ಕಡೆಯವನು ಎಂದು ಕೇಳಿ ಅಲ್ಲಿ ಯಾರನ್ನೂ ಹೊರಗೆ ನಿಲ್ಲಿಸಲಿಲ್ಲ.

ಕೈಯಲ್ಲಿರುವ ವಿದ್ಯೆ

ಇನ್ನು ಆ ಹುಡುಗನ ಎಡಗೈಗೆ ಬರೋಣ. ನಮ್ಮ ಮನೆಗಳಲ್ಲಿ ಎಡಗೈಯಲ್ಲಿ ಕೊಡಬಾರದು, ತೆಗೆದುಕೊಳ್ಳಬಾರದು ಎಂದು ಕಲಿಸುತ್ತಾರೆ. ಅಜ್ಜಿಯ ಸಿಟ್ಟು ಸಹಜವೇ. ಸ್ಕೌಟ್‌ಗಳಲ್ಲಿ ಹೇಳುವ ಕತೆ ಬೇರೆ. ಪಶ್ಚಿಮ ಆಫ್ರಿಕಾದ ಅಶಾಂತಿ ನಾಡಿನಲ್ಲಿ ಒಬ್ಬ ನಾಯಕ ಬೇಡನ್ ಪೊವೆಲ್ ಅವರಿಗೆ ಎಡಗೈ ಚಾಚಿದನಂತೆ. ಯೋಧ ಬಲಗೈಯಲ್ಲಿ ಈಟಿ, ಎಡಗೈಯಲ್ಲಿ ಗುರಾಣಿ ಹಿಡಿಯುತ್ತಾನೆ. ಎಡಗೈ ಕೊಡಬೇಕಾದರೆ ಗುರಾಣಿಯನ್ನು ಕೆಳಗಿಡಬೇಕು. ನಿನ್ನಿಂದ ನನಗೆ ಭಯವಿಲ್ಲ, ನಿನ್ನನ್ನು ನಂಬಿದ್ದೇನೆ ಎಂಬುದೇ ಅದರ ಅರ್ಥ. ಇದು ನಡೆದದ್ದೋ ಕಟ್ಟಿದ್ದೋ, ಪ್ರತೀತಿಯಂತೂ ಹಾಗಿದೆ. ಎಡಗೈ ಹೃದಯಕ್ಕೆ ಹತ್ತಿರ ಎಂದು ಹೇಳುವವರೂ ಉಂಟು.

ಸ್ಕೌಟ್ ಚಿಹ್ನೆಯನ್ನು ನೋಡಿ. ನಡುವಿನ ಮೂರು ಬೆರಳು ನೇರ ನಿಲ್ಲುತ್ತವೆ. ದೇವರಿಗೂ ದೇಶಕ್ಕೂ ಸಲ್ಲಿಸುವ ಕರ್ತವ್ಯ, ಪರರಿಗೆ ನೆರವು, ಸ್ಕೌಟ್ ನಿಯಮಕ್ಕೆ ವಿಧೇಯತೆ, ಇವು ಆ ಮೂರು. ಹೆಬ್ಬೆರಳು ಬಾಗಿ ಕಿರುಬೆರಳ ಮೇಲೆ ಕೂರುತ್ತದೆ. ಬಲಶಾಲಿಯು ಬಲಹೀನನನ್ನು ಕಾಯಬೇಕು ಎಂಬುದು ಅದರ ಪಾಠ.

ಗಂಟುಗಳಲ್ಲೂ ಇಂಥ ಪಾಠಗಳಿವೆ. ಸಮ ದಪ್ಪದ ಎರಡು ತುದಿಗಳಿಗೆ ರೀಫ್ ನಾಟ್. ಬಲದ್ದು ಎಡದ ಮೇಲೆ, ಆಮೇಲೆ ಎಡದ್ದು ಬಲದ ಮೇಲೆ. ಅದು ಚಪ್ಪಟೆಯಾಗಿ ಕೂರುವುದರಿಂದ ಗಾಯದ ಪಟ್ಟಿಗೆ ಒಳ್ಳೆಯದು, ಮೈಗೆ ಒತ್ತುವುದಿಲ್ಲ. ಎರಡು ಸಲವೂ ಒಂದೇ ಕಡೆಯಿಂದ ಸುತ್ತಿದರೆ ಗಂಟು ಜಾರುತ್ತದೆ. ಬೋಲೈನ್ ಕುಣಿಕೆ ಎಷ್ಟು ಎಳೆದರೂ ಬಿಗಿಯುವುದಿಲ್ಲ. ಬಾವಿಗೆ ಬಿದ್ದವನನ್ನು ಮೇಲೆತ್ತಲು ಅದೇ ಬೇಕು. ಒಂದು ಹಗ್ಗ ದಪ್ಪ, ಇನ್ನೊಂದು ಸಣ್ಣದಾದರೆ ರೀಫ್ ನಾಟ್ ನಿಲ್ಲುವುದಿಲ್ಲ, ಶೀಟ್ ಬೆಂಡ್ ಹಾಕಬೇಕು. ಅದರಲ್ಲಿ ದಪ್ಪ ಹಗ್ಗ ಬಾಗಿ ಕೊಂಡಿಯಾಗುತ್ತದೆ, ಸಣ್ಣ ಹಗ್ಗ ಅದರೊಳಗೆ ಹೊಕ್ಕು ಸುತ್ತಿ ಬಿಗಿಯುತ್ತದೆ. ಬಾಗಬೇಕಾದದ್ದು ದಪ್ಪ ಹಗ್ಗ ಎಂಬುದನ್ನು ಮಕ್ಕಳೇ ಗಮನಿಸಿ.

ಅಳತೆಯ ವಿದ್ಯೆ ನಮಗೆ ಹೊಸದಲ್ಲ. ಸ್ಕೌಟ್ ತನ್ನ ಗೇಣು, ಮೊಳ, ಹೆಜ್ಜೆ ಎಷ್ಟುದ್ದ ಎಂದು ತಿಳಿದಿರಬೇಕು. ಗಾಂಧಿ ಬಜಾರಿನ ಹೂವಿನ ಅಮ್ಮಂದಿರು ಮೊಳ, ಮಾರು ಎಂದು ಅಳೆದು ಕೊಡುವುದು ಅದೇ ವಿದ್ಯೆಯನ್ನು. ದಿಕ್ಕಿನ ಪಾಠಕ್ಕೆ ಕೆಂಪೇಗೌಡರ ಹೆಸರಿನ ನಾಲ್ಕು ಗೋಪುರಗಳಿವೆ. ಉತ್ತರಕ್ಕೆ ಮೇಖ್ರಿ ವೃತ್ತದ ಬಳಿ, ಪೂರ್ವಕ್ಕೆ ಹಲಸೂರು ಕೆರೆಯ ಬಳಿ, ದಕ್ಷಿಣಕ್ಕೆ ಲಾಲ್‌ಬಾಗಿನ ಬಂಡೆಯ ಮೇಲೆ, ಪಶ್ಚಿಮಕ್ಕೆ ಕೆಂಪಾಂಬುಧಿ ಕೆರೆಯ ಬಳಿ. ಲಾಲ್‌ಬಾಗಿನ ಬಂಡೆ ಹತ್ತಿ ನಿಂತ ಹುಡುಗನಿಗೆ ಊರೇ ನಕ್ಷೆಯಾಗುತ್ತದೆ.

ರಾತ್ರಿಯಾದರೆ ಧ್ರುವ ನಕ್ಷತ್ರ. ನಾನು ಗುರುಮಠದಲ್ಲಿ ಓದುತ್ತಿದ್ದಾಗ ಮಲ್ಲೇಶ್ವರದ ಸ್ಯಾಂಕಿ ಕೆರೆಯ ದಂಡೆಯಲ್ಲಿ ಅದನ್ನು ಹುಡುಕುವ ಅಭ್ಯಾಸವಿತ್ತು. ಯಾವ ಊರು ಭೂಮಧ್ಯರೇಖೆಯಿಂದ ಎಷ್ಟು ಡಿಗ್ರಿ ಉತ್ತರಕ್ಕಿದೆಯೋ, ಅಲ್ಲಿ ಧ್ರುವ ನಕ್ಷತ್ರ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ಎತ್ತರದಲ್ಲಿ ಕಾಣುತ್ತದೆ. ಲಂಡನ್ನಿನಲ್ಲಿ 51 ಡಿಗ್ರಿ ಎತ್ತರ. ಬೆಂಗಳೂರಿನಲ್ಲಿ ಬರೀ 13. ಕೈ ನೀಳವಾಗಿ ಚಾಚಿ ದಿಗಂತದ ಮೇಲೆ ಮುಷ್ಟಿ ಇಟ್ಟರೆ ಅದು ಸುಮಾರು 10 ಡಿಗ್ರಿ; ಅದರ ಮೇಲೆ ಎರಡು ಬೆರಳು. ಅಲ್ಲಿ ಹುಡುಕಬೇಕು. ಸಪ್ತರ್ಷಿ ಮಂಡಲದ ತುದಿಯ ಎರಡು ನಕ್ಷತ್ರಗಳು ಅದರ ಕಡೆಗೇ ಬೆರಳು ತೋರುತ್ತವೆ. ಅಷ್ಟು ಕೆಳಗಿರುವುದನ್ನು ಈಗಿನ ಎತ್ತರದ ಕಟ್ಟಡಗಳ ನಡುವೆ ಕಾಣಲು ತಾಳ್ಮೆ ಬೇಕು.

ಒಂದು ಸಂಜೆಯ ತಪ್ಪು

ಇಷ್ಟೆಲ್ಲ ಬರೆದ ಮೇಲೆ ನನ್ನದೊಂದು ತಪ್ಪನ್ನೂ ನಿವೇದಿಸಬೇಕು. ನನಗಾಗ ಹದಿಮೂರು ವರ್ಷ. ನಾನು ಓದುತ್ತಿದ್ದ ಶಾಲೆಯ ದಳದಲ್ಲಿ ಪ್ಯಾಟ್ರೋಲ್ ಲೀಡರ್ ಆಗಿದ್ದೆ. ಎಂಟು ಹುಡುಗರ ಗುಂಪು ನನ್ನದು. ಶಿಬಿರದಲ್ಲಿ ಸಂಜೆಯ ಅಡುಗೆ ಒಬ್ಬ ಹುಡುಗನ ಸರದಿ. ಅವನ ತಂದೆ ನಮ್ಮ ಬೀದಿಗಳನ್ನು ಗುಡಿಸುವವರು. ಅವನು ಬೇಯಿಸಿದ್ದನ್ನು ತಿನ್ನುವುದಿಲ್ಲ, ಮನೆಯಿಂದ ತಂದ ಚಕ್ಕುಲಿ ಸಾಕು ಎಂದು ಇಬ್ಬರು ನನ್ನ ಕಿವಿಯಲ್ಲಿ ಹೇಳಿದರು. ಜಗಳ ಬೇಡವೆಂದು ನಾನು ಸರದಿ ಬದಲಿಸಿದೆ. ಅವನನ್ನು ಸೌದೆ ತರಲು ಕಳಿಸಿ, ಬೇರೊಬ್ಬನನ್ನು ಒಲೆಯ ಮುಂದೆ ಕೂರಿಸಿದೆ. ಅವನು ಏನೂ ಕೇಳಲಿಲ್ಲ. ಸೌದೆ ತಂದು ಹಾಕಿ ದೂರ ಕುಳಿತ.

ರಾತ್ರಿ ಶಿಬಿರಾಗ್ನಿಯ ಸುತ್ತ ನಮ್ಮ ಸ್ಕೌಟ್ ಮಾಸ್ತರರು ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ಸ್ಕೌಟ್ ಚಿಹ್ನೆ ತೋರಿಸಿ ಅರ್ಥ ಹೇಳು ಎಂದರು. ನಾನು ಪಟಪಟನೆ ಹೇಳಿದೆ. ಹೆಬ್ಬೆರಳು ಬಲಶಾಲಿ, ಕಿರುಬೆರಳು ಬಲಹೀನ, ಬಲಶಾಲಿ ಬಲಹೀನನನ್ನು ಕಾಯಬೇಕು. ಅವರು ಕೇಳಿದ್ದು ಒಂದೇ ಮಾತು. "ಸಂಜೆ ಎಲ್ಲಿತ್ತಪ್ಪ ನಿನ್ನ ಹೆಬ್ಬೆರಳು?"

ನನಗೆ ಉತ್ತರ ಹೊಳೆಯಲಿಲ್ಲ. ಮರುದಿನ ಬೆಳಿಗ್ಗೆ ಆ ಹುಡುಗ ಉಪ್ಪಿಟ್ಟು ಮಾಡಿದ. ಮೊದಲು ತಟ್ಟೆ ಹಿಡಿದು ನಿಂತವರು ಮಾಸ್ತರರು, ಅವರ ಹಿಂದೆ ನಾನು. ಆ ಇಬ್ಬರಲ್ಲಿ ಒಬ್ಬ ತಿಂದ, ಇನ್ನೊಬ್ಬ ತಿನ್ನಲಿಲ್ಲ. ಆ ಹುಡುಗನ ಬಳಿ ಹೋಗಿ ಕ್ಷಮೆ ಕೇಳುವ ಧೈರ್ಯ ನನಗೆ ಅಂದು ಬರಲಿಲ್ಲ. ಇಂದಿಗೂ ಅದು ನನ್ನನ್ನು ಚುಚ್ಚುತ್ತದೆ.

1909ರಲ್ಲಿ ದಂಡಿನವರು ಬಾಗಿಲು ಹಾಕಿಕೊಂಡರು ಎಂದು ದೂರುವುದು ಸುಲಭ. ಅವರು ತೆರೆಯದ ಬಾಗಿಲನ್ನು ನಮ್ಮ ಹಿರಿಯರು ನಲವತ್ತು ವರ್ಷ ತಟ್ಟಿ ತೆರೆಸಿದರು. ಒಳಗೆ ಬಂದ ನಾವು ಅಡುಗೆ ಗುಡಾರದಲ್ಲಿ ಇನ್ನೊಂದು ಬಾಗಿಲು ಕಟ್ಟಿಕೊಂಡರೆ ಯಾರನ್ನು ದೂರೋಣ?

ಸಿದ್ಧರಾಗಿರಿ

ಸಿದ್ಧರಾಗಿರಿ ಎಂಬುದು ಸ್ಕೌಟಿನ ಧ್ಯೇಯವಾಕ್ಯ. ದಯಾಳು ಸಮಾರಿಯದವನ ಸಾಮತಿಯನ್ನು ನೆನೆಯಿರಿ. ಗಾಯಗೊಂಡು ಬಿದ್ದವನನ್ನು ಇಬ್ಬರು ನೋಡಿಯೂ ಬಳಸಿ ಹೋದರು. ಮೂರನೆಯವನು ಪರಜನಾಂಗದವನು. ಅವನ ಬಳಿ ಎಣ್ಣೆಯಿತ್ತು, ದ್ರಾಕ್ಷಾರಸವಿತ್ತು, ಗಾಯ ಕಟ್ಟುವ ವಿದ್ಯೆಯಿತ್ತು, ಛತ್ರದವನಿಗೆ ಕೊಡಲು ಹಣವಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಬಿದ್ದವನು ಯಾರ ಕಡೆಯವನು ಎಂದು ಅವನು ಕೇಳಲಿಲ್ಲ. ಕೈಯಲ್ಲಿ ವಿದ್ಯೆ, ಎದೆಯಲ್ಲಿ ಸಹೋದರತ್ವ, ಇವೆರಡೂ ಸೇರಿದಾಗಲೇ ಸಿದ್ಧತೆ ಪೂರ್ಣ.

ಇಂದು ಪ್ರವೇಶದಿಂದ ಆರಂಭಿಸಿ ಪ್ರಥಮ, ದ್ವಿತೀಯ, ತೃತೀಯ ಸೋಪಾನಗಳನ್ನು ಹತ್ತಿ ರಾಜ್ಯ ಪುರಸ್ಕಾರ, ರಾಷ್ಟ್ರಪತಿ ಪುರಸ್ಕಾರದವರೆಗೆ ಮಕ್ಕಳು ಶ್ರಮಪಡುತ್ತಾರೆ. ಪಡಲಿ. ಪ್ರಮಾಣಪತ್ರ ಗೋಡೆಯ ಮೇಲಿರಲಿ. ಆದರೆ ತಂದೆತಾಯಿಗಳೇ, ಮಗ ಶಿಬಿರದಿಂದ ಬಂದಾಗ ಯಾವ ಬ್ಯಾಡ್ಜ್ ಸಿಕ್ಕಿತು ಎಂದು ಕೇಳುವ ಮೊದಲು ಯಾರ ಜೊತೆ ಕೂತು ಊಟ ಮಾಡಿದೆ ಎಂದು ಕೇಳಿ. ಸ್ಕಾರ್ಫಿನ ತುದಿಗೆ ಮಕ್ಕಳು ಒಂದು ಗಂಟು ಹಾಕಿಕೊಳ್ಳುವ ಹಳೆಯ ಪದ್ಧತಿ ಇದೆ. ದಿನಕ್ಕೊಂದು ಒಳ್ಳೆಯ ಕೆಲಸವನ್ನು ಮರೆಯದಿರಲಿ ಎಂದು ಅದು. ಆ ಗಂಟು ನಮ್ಮ ಸೆರಗಿಗೂ ಕರವಸ್ತ್ರಕ್ಕೂ ಇದ್ದರೆ ತಪ್ಪೇನಿಲ್ಲ.

ಬೇಡನ್ ಪೊವೆಲ್ 1941ರ ಜನವರಿ 8ರಂದು ಕೀನ್ಯಾದ ನ್ಯೇರಿಯಲ್ಲಿ ತೀರಿಕೊಂಡರು. ಅವರ ಸಮಾಧಿಯ ಕಲ್ಲಿನ ಮೇಲೆ ಒಂದು ವೃತ್ತ, ಅದರ ನಡುವೆ ಒಂದು ಚುಕ್ಕೆ ಇದೆ. ಸ್ಕೌಟ್‌ಗಳು ಕಾಡುದಾರಿಯಲ್ಲಿ ಗೆಳೆಯರಿಗಾಗಿ ಬಿಟ್ಟು ಹೋಗುವ ಗುರುತುಗಳಲ್ಲಿ ಅದೊಂದು. ನಾನು ಮನೆಗೆ ಹೋಗಿದ್ದೇನೆ ಎಂದು ಅದರ ಅರ್ಥ. ನಾವೆಲ್ಲರೂ ಒಂದು ದಿನ ಆ ಗುರುತನ್ನು ಬಿಟ್ಟು ತಂದೆಯ ಮನೆಗೆ ಹೋಗುವವರೇ. ಅಲ್ಲಿಯವರೆಗೆ ದಾರಿಯಲ್ಲಿ ಸಿಕ್ಕವರ ಕೈ ಹಿಡಿದು ನಡೆಯೋಣ.

ಮುಂದಿನ ಭಾನುವಾರ ಆ ಹುಡುಗ ಬಂದರೆ ನಾನೂ ಎಡಗೈಯನ್ನೇ ಚಾಚುವೆ. ಅಜ್ಜಿಗೆ ನಾನೇ ಸಮಾಧಾನ ಹೇಳುವೆ.